ಗಾಜಿನ ಎಳೆ: ತಣ್ಣಗಿದ್ದ ಆರು ಬಾಟಲಿಗಳು

ಮೀಟರಿನ ಮುಳ್ಳು ನಲವತ್ತೇಳಕ್ಕೆ ಬಂದು ನಿಂತಿತು.

ಇನ್ನೂ ಯಾರೂ ಬರದ ಬೆಳಗಿನ ಹೊತ್ತು, ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕಿ ಅಕ್ಕುತಾಯಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ನಲವತ್ತೇಳೇ. ಬೀಕರಿನಲ್ಲಿದ್ದದ್ದು ಬರೀ ನೀರು. ಬಟ್ಟಿ ಇಳಿಸಿದ ನೀರು, ಸಸ್ಯಶಾಸ್ತ್ರ ವಿಭಾಗದ ಫ್ರಿಜ್ಜಿನಿಂದ ಈಗಷ್ಟೇ ತಂದದ್ದು. ಗಾಜಿನ ಮೈಯೆಲ್ಲ ಬೆವೆತಿತ್ತು.

ನೀರಿಗೆ ಈ ಅಂಕ ಬರಕೂಡದು. ನೀರಿನದು ಅರವತ್ತೊಂದು. ನಲವತ್ತೇಳು ಸಲಾಯಿನ್ನಿನ ಅಂಕ, ರೋಗಿಯ ನರಕ್ಕೆ ಹಚ್ಚುವ ಉಪ್ಪುನೀರಿನದು.

ಡಿಸೆಂಬರಿನಲ್ಲಿ ಅದೇ ಅಂಕವನ್ನು ಅವಳು ಕೈಯಾರೆ ಬರೆದು, ಕೆಳಗೆ ಸಹಿ ಹಾಕಿ, ಚಿಕ್ಕೋಡಿಯ ಕೋರ್ಟಿಗೆ ಕೊಟ್ಟಿದ್ದಳು. ‘ಬಾಟಲಿಗಳಲ್ಲಿರುವುದು ಸರಿಯಾದ ಸಲಾಯಿನ್’ ಎಂಬ ಆ ಒಂದು ಸಾಲಿನ ಮೇಲೆ ನರ್ಸ್ ಸುಂದರಾ ಎರಡು ತಿಂಗಳಿಂದ ಅದೇ ಊರಿನ ಸಬ್ ಜೈಲಿನಲ್ಲಿದ್ದಳು.

ಕಾಗವಾಡದ ಹೊರಗೆ ಕಬ್ಬು ಕಡಿಯಲು ಬಂದವರ ಬಿಡಾರದಲ್ಲಿ ವಾಂತಿಭೇದಿ ಎದ್ದಾಗ ನಡೆದ ಕಥೆ ಅದು. ಬಾಟಲಿ ಹಚ್ಚಿಸಿಕೊಂಡ ಮೂವರು ಒಂದೇ ಮಧ್ಯಾಹ್ನ ಗಡಗಡ ನಡುಗಿ, ಮೂತ್ರ ಕರೀ ಚಹಾದಂತಾಗಿ, ಸತ್ತುಹೋದರು. ತುಳಸವ್ವ, ಸತ್ತೆಪ್ಪ, ಗಡಿಯಾಚೆಯ ಬೀಡ್ ಜಿಲ್ಲೆಯಿಂದ ಬಂದಿದ್ದ ಸೋನಾಬಾಯಿ. ಬಾಟಲಿ ಸರಿಯಿದ್ದರೆ ತಪ್ಪು ಇಂಜೆಕ್ಷನ್ನಿನದು. ಇಂಜೆಕ್ಷನ್ ಕೊಟ್ಟವಳು ಸುಂದರಾ. ಪೊಲೀಸರ ಲೆಕ್ಕ ಅಷ್ಟು ನೇರವಾಗಿತ್ತು.



ಮೀಟರಿನ ಪಕ್ಕದಲ್ಲಿ ಇನ್ನೊಂದು ಮೀಟರು ಇತ್ತು. ಅದು ಶಾಖ ಅಳೆಯಲೆಂದು ಅವಳು ಈ ತಿಂಗಳಷ್ಟೇ ಸಿದ್ಧಮಾಡಿದ ಎರಡನೆಯ ಗಾಜಿನ ಎಳೆಯದು. ಅದು ‘ಆರು ಡಿಗ್ರಿ’ ಎಂದು ಸುಮ್ಮನೆ ತೋರಿಸುತ್ತಿತ್ತು. ಡಿಸೆಂಬರಿನಲ್ಲಿ ಈ ಎರಡನೆಯ ಎಳೆ ಇರಲಿಲ್ಲ.

ನೆತ್ತಿಗೂದಲಿನಷ್ಟು ತೆಳುವಾದ ಗಾಜಿನ ಎಳೆ. ಒಂದು ತುದಿಯಿಂದ ಕೆಂಪು ಬೆಳಕು ಬಿಟ್ಟರೆ ಇನ್ನೊಂದು ತುದಿಗೆ ಬರುತ್ತದೆ. ನಡುವೆ ಒಂದು ಬೆರಳಗಲ ಹೊದಿಕೆ ಸುಲಿದು ದ್ರವದಲ್ಲಿ ಇಳಿಬಿಟ್ಟರೆ, ಅಲ್ಲಿ ಬೆಳಕು ಸ್ವಲ್ಪ ಸೋರುತ್ತದೆ. ದ್ರವಕ್ಕೆ ಬೆಳಕನ್ನು ಬಾಗಿಸುವ ಗುಣ, ಪುಸ್ತಕದವರು ವಕ್ರೀಭವನಾಂಕ ಎನ್ನುವುದು, ಹೆಚ್ಚಿದ್ದಷ್ಟೂ ಸೋರಿಕೆ ಹೆಚ್ಚು, ಮೀಟರಿನ ಅಂಕ ಕಡಿಮೆ. ನೀರಿಗಿಂತ ಉಪ್ಪುನೀರು ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಇಷ್ಟರ ಮೇಲೆ ಅವಳು ವರದಿ ಬರೆದಿದ್ದಳು.

ಆದರೆ ತಣ್ಣೀರು ಕೂಡ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಇಷ್ಟೊಂದು ಎಂದು ಗೊತ್ತಿರಲಿಲ್ಲ. ಎರಡು ಗೊತ್ತಿಲ್ಲದ ಸಂಖ್ಯೆಗಳನ್ನು ಹಿಡಿಯಲು ಎರಡು ಸಮೀಕರಣ ಬೇಕೆಂದು ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ಬೋರ್ಡಿನ ಮುಂದೆ ನಿಂತು ಹೇಳಿಕೊಡುವ ಬಾಯಿಯೇ, ಒಂದೇ ಅಂಕ ಹಿಡಿದು ಕೋರ್ಟಿನಲ್ಲಿ ಪ್ರಮಾಣ ಮಾಡಿತ್ತು.

ಅವಳು ಬೀರುವಿನ ಬಾಗಿಲು ತೆಗೆದಳು. ಡಿಸೆಂಬರಿನ ನೋಟುಬುಕ್ಕು ಕೈಗೆ ಸಿಕ್ಕಿತು. ಹದಿನೆಂಟನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆ.

ಬಾಟಲಿ ಒಂದು, ನಲವತ್ತೇಳು. ಎರಡು, ನಲವತ್ತೇಳು. ಮೂರು, ನಲವತ್ತೆಂಟು. ನಾಲ್ಕು, ನಲವತ್ತೊಂಬತ್ತು. ಐದು, ಐವತ್ತು. ಆರು, ಐವತ್ತೊಂದು.

ಅಂದು ಇದನ್ನು ಸಣ್ಣಪುಟ್ಟ ಏರುಪೇರು ಎಂದುಕೊಂಡು ಸರಾಸರಿ ತೆಗೆದಿದ್ದಳು. ಇಂದು ಬೆರಳಿಟ್ಟು ಒಂದೊಂದೇ ಅಂಕ ಓದುತ್ತ ಹೋದಳು. ಏರುಪೇರಾಗಿದ್ದರೆ ಒಂದು ಮೇಲೆ, ಒಂದು ಕೆಳಗೆ ಇರಬೇಕಿತ್ತು. ಇವು ಬರೀ ಏರಿದ್ದವು, ಒಂದು ಸಲವೂ ಇಳಿದಿರಲಿಲ್ಲ. ಬಾಟಲಿಗೆ ಹತ್ತು ನಿಮಿಷದಂತೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಬಾಟಲಿಗಳು ಸದ್ದಿಲ್ಲದೆ ಬಿಸಿಯಾಗುತ್ತ ಹೋಗಿದ್ದವು.

ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಅವಳದೇ ಅಕ್ಷರ.

‘ಬಾಟಲಿ ಮೈ ಒದ್ದೆ. ಸೋರಿಕೆ? ಇಲ್ಲ. ಒರೆಸಿದೆ.’

ಸತ್ಯ ಅಂದು ಗಾಜಿನ ಮೇಲೆ ಹನಿಹನಿಯಾಗಿ ನಿಂತಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿ ಹಾಕಿದ್ದಳು.

*

ಸರ್ಕಲ್ ಇನ್‌ಸ್ಪೆಕ್ಟರ್ ಲಗಮಣ್ಣ ಹತ್ತು ಗಂಟೆಗೆ ಚಿಕ್ಕೋಡಿಯ ಆ ಕಾಲೇಜಿಗೆ ಬಂದ. ದಪ್ಪ ಮೀಸೆ, ಸಣ್ಣ ದನಿ. ಫೋನಿನಲ್ಲಿ ಅಕ್ಕುತಾಯಿ ಹೇಳಿದ್ದು ಒಂದೇ ಮಾತು: ಏಳನೆಯ ಬಾಟಲಿ ತೆಗೀಬೇಕು, ನೀವು ಎದುರಿಗಿರಬೇಕು.

ಒಟ್ಟು ಏಳು ಬಾಟಲಿ ಬಂದಿದ್ದವು. ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗುವ ಮುನ್ನ ಒಂದು ಹನಿಯನ್ನೂ ಹೊರಗೆ ತೆಗೆಯಕೂಡದೆಂದು ಮ್ಯಾಜಿಸ್ಟ್ರೇಟರು ಹೇಳಿದ್ದರು. ಅದಕ್ಕೇ ಇವಳ ಎಳೆ ಬೇಕಾಗಿತ್ತು. ರಬ್ಬರು ಬಿರಡೆಗೆ ಸೂಜಿ ಚುಚ್ಚಿ, ಸೂಜಿಯೊಳಗಿಂದ ಎಳೆ ಇಳಿಬಿಟ್ಟರೆ ಹನಿ ಚೆಲ್ಲದೆ ಒಳಗಿನದು ತಿಳಿಯುತ್ತಿತ್ತು. ನೋಡಿದ ಆರು ಬೆಂಗಳೂರಿಗೆ ಹೋದವು. ಅಲ್ಲಿಂದ ಇನ್ನೂ ಉತ್ತರವಿಲ್ಲ. ಮುಟ್ಟದ ಏಳನೆಯದು ಮೊಹರಿನ ಸಮೇತ ಕಾಲೇಜಿನ ಬೀರುವಿನಲ್ಲಿತ್ತು.

“ಮೇಡಮ್ಮಾರ, ಬೆಂಗಳೂರಿಂದ ಬರೂತನ ತಡೀಬಾರದೇನ್ರಿ?” ಎಂದ ಲಗಮಣ್ಣ ಮೊಹರು ಒಡೆಯುತ್ತ. “ನಿಮ್ಮ ವರದಿ ಮ್ಯಾಲೇ ಚಾರ್ಜ್‌ಶೀಟ್ ಹಾಕೇವಿ. ಈಗ ಮತ್ತ ಏನ್ ಹೊಸಾದು?”

“ಹೊಸಾದು ಏನಿಲ್ರಿ. ಹಳೇದನ್ನ ಮತ್ತೊಮ್ಮೆ ನೋಡೂದು.”

ಅವಳು ಪೇಟೆಯ ಔಷಧದಂಗಡಿಯಿಂದ ತರಿಸಿದ್ದ ಒಂದು ಸಲಾಯಿನ್ ಬಾಟಲಿಯನ್ನು ಮೊದಲು ಇಟ್ಟಳು. ಜೋಡಿ ಎಳೆ ಇಳಿಯಿತು. ಒಂದು ಎಳೆಗೆ ದ್ರವವೂ ತಾಗುತ್ತದೆ, ಶಾಖವೂ ತಾಗುತ್ತದೆ. ಇನ್ನೊಂದು, ಎಣ್ಣೆ ತುಂಬಿದ ಸಣ್ಣ ಗಾಜಿನ ಕೊಳವೆಯೊಳಗೆ ಮುಚ್ಚಿಹೋಗಿದೆ. ಅದಕ್ಕೆ ದ್ರವ ತಾಗುವುದಿಲ್ಲ, ಶಾಖವಷ್ಟೇ ತಾಗುತ್ತದೆ.

“ನೋಡ್ರಿ ಸಾಹೇಬ್ರ. ಇಪ್ಪತ್ತೊಂಬತ್ತು ಡಿಗ್ರಿ. ಅಂಕ ನಲವತ್ತೇಳು. ಇದು ಖರೇ ಸಲಾಯಿನ್.”

“ಹೂಂ.”

“ಇದು ಬರೀ ನೀರು. ಇಪ್ಪತ್ತೊಂಬತ್ತು ಡಿಗ್ರಿ. ಅಂಕ ಅರವತ್ತೊಂದು.”

“ಹೂಂ.”

“ಈಗ ನಿಮ್ಮ ಏಳನೇದು.”

ಸೂಜಿ ಬಿರಡೆಯನ್ನು ಚುಚ್ಚಿತು. ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಬಾಟಲಿಯೊಳಗೆ ಎಳೆಯ ತುದಿಯಷ್ಟೇ ಕೆಂಪಗೆ ಮಿನುಗಿತು. ಶಾಖದ ಮೀಟರು ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ಇನ್ನೊಂದು ಮುಳ್ಳು ನಲವತ್ತೇಳನ್ನು ದಾಟಿತು. ಐವತ್ತನ್ನು ದಾಟಿತು. ಲಗಮಣ್ಣ ಮುಂದಕ್ಕೆ ಬಾಗಿದ. ಮುಳ್ಳು ಅರವತ್ತೊಂದರಲ್ಲಿ ನಿಂತಿತು.



“ನೀರಾ?” ಎಂದ ಲಗಮಣ್ಣ. ಅವನ ಸಣ್ಣ ದನಿ ಇನ್ನೂ ಸಣ್ಣದಾಗಿತ್ತು.

“ನೀರು. ಬರೀ ನೀರು ನರಕ್ಕ ಹೋದ್ರ ರಕ್ತದ ಕಣ ಒಡದ ಹೋಗತಾವು. ಆ ಕೆಂಪಽ ಮೂತ್ರದಾಗ ಹೊರಗ ಬೀಳತೈತಿ. ಕರೀ ಚಹಾದಂಗ.”

“ಹಂಗಾದ್ರ ಇಂಜೆಕ್ಷನ್...”

“ಇಂಜೆಕ್ಷನ್ನಿಗೂ ಇದಕೂ ಸಂಬಂಧ ಇಲ್ಲ. ಆಕಿ ಏನೂ ಮಾಡಿಲ್ರಿ.” ಅಕ್ಕುತಾಯಿ ಎಳೆಯನ್ನು ಬಾಟಲಿಯಿಂದ ಮೇಲೆಳೆದಳು. “ಆಕಿನ್ನ ಜೈಲಿಗೆ ಹಾಕಿದಾಕಿ ನಾನು.”

ಕೋರ್ಟಿನ ವರಾಂಡ ಕಣ್ಣಿಗೆ ಕಟ್ಟಿತು. ರಾಯಬಾಗದ ಕಡೆಯ ಕೂಲಿ ಮನೆತನದ ಹುಡುಗಿ, ಆ ಮನೆಯಲ್ಲಿ ಮೊದಲ ಸಂಬಳ ತಂದವಳು. ಬಿಳಿ ಸೀರೆ, ಕೈಯಲ್ಲಿ ಒಂದು ಹಸಿರು ಬಳೆ. ಅಂದು ಸುಂದರಾ ಇವಳನ್ನು ತಡೆದು ಕೇಳಿದ್ದಳು: ‘ಮೇಡಮ್, ನಿಮ್ಮ ದಾರಕ್ಕ ತಪ್ಪ ಆಗೂದಽ ಇಲ್ಲೇನ್ರಿ?’ ಅದಕ್ಕೆ ಇವಳು ಎಷ್ಟು ಧಿಮಾಕಿನಿಂದ ಹೇಳಿದ್ದಳು: ‘ಬೆಳಕು ಸುಳ್ಳು ಹೇಳೂದಿಲ್ಲ ತಂಗಿ.’

“ಒಂದು ತಿಳೀಲಿಲ್ಲ,” ಎಂದ ಲಗಮಣ್ಣ. “ಡಿಸೆಂಬರಿನ್ಯಾಗೂ ನೀರಽ ಇದ್ರ, ಅವತ್ತ ಯಾಕ ಸಲಾಯಿನ್ ಅಂತು ನಿಮ್ಮ ದಾರ?”

ಅವಳು ಫ್ರಿಜ್ಜಿನ ನೀರಿನ ಬೀಕರನ್ನೂ ನೋಟುಬುಕ್ಕನ್ನೂ ಅವನ ಮುಂದೆ ಸರಿಸಿದಳು. ಬೆರಳಿಟ್ಟು ಒಂದೊಂದೇ ಅಂಕ ತೋರಿಸಿದಳು. ಅಂಚಿನ ಸಾಲನ್ನೂ ಮುಚ್ಚಿಡಲಿಲ್ಲ.

ಲಗಮಣ್ಣ ಎರಡು ಸಲ ಓದಿದ. ಆಮೇಲೆ ಕಿಟಕಿಯ ಕಪ್ಪು ಬಟ್ಟೆ ಸರಿಸಿ, ಕೆಳಗೆ ಜೀಪಿನ ಬಳಿ ನಿಂತಿದ್ದ ಪೇದೆಯನ್ನು ಕೂಗಿದ.

“ದಶರಥಾ! ಮ್ಯಾಲ ಬಾ.”

ಅಂದು ಬಾಟಲಿಗಳನ್ನು ತಂದವನು ಇದೇ ದಶರಥ. ಬಾಗಿಲಲ್ಲಿ ಟೊಪ್ಪಿಗೆ ತೆಗೆದು ನಿಂತ.

“ಕಾಗವಾಡದಿಂದ ಆ ಬಾಟಲಿ ತಂದಾಂವ ನೀನಽ ಹೌದಲ್ಲ?”

“ಹೌದ್ರಿ ಸಾಹೇಬ್ರ. ಮುಂಜಾನಿ ಮೊದಲನೇ ಬಸ್ಸಿಗೆ.”

“ಹಿಂದಿನ ದಿನ ಸಂಜಿಂದ ಎಲ್ಲಿದ್ದೂ?”

“ಹೊರಠಾಣೇದಾಗ ಜಾಗಾ ಇರಲಿಲ್ರಿ. ಧರೆಪ್ಪಣ್ಣಾರ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ವಿ. ಔಷಧ ಕೆಡಬಾರದು, ತಂಪಿನ್ಯಾಗ ಇಡ್ರಿ ಅಂತ ದವಾಖಾನಿ ಕಂಪೌಂಡರ್ ಜ್ಞಾನದೇವ ಹೇಳಿದ. ಮುಂಜಾನಿ ದ್ರಾಕ್ಷಿ ಕಳಸೂ ಥರ್ಮಾಕೋಲ್ ಡಬ್ಬಿಯೊಳಗ ಹಾಕಿ ಕೊಟ್ರು.”

“ಇದನ್ನ ಯಾಕ ಹೇಳಲಿಲ್ಲ ಮಗನಽ?”

ದಶರಥ ಇಬ್ಬರನ್ನೂ ನೋಡಿದ. “ಯಾರೂ ಕೇಳಲಿಲ್ಲಲ್ರಿ.”

*

ಕಾಗವಾಡಕ್ಕೆ ಹೊರಟ ಜೀಪು ಅಂಕಲಿ ದಾಟಿ ಕೃಷ್ಣೆಯ ಸೇತುವೆ ಹತ್ತಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು ದಾರಿ ಬಿಡದೆ ತೆವಳುತ್ತಿತ್ತು.

“ಮೇಡಮ್ಮಾರ, ಒಂದು ಮಾತ ಕೇಳ್ತೀನಿ,” ಎಂದ ಲಗಮಣ್ಣ. “ಔಷಧ ಕೆಡಬಾರದು ಅಂತ ತಂಪಿನ್ಯಾಗ ಇಟ್ಟದ್ದು ಬ್ಯಾರೆ. ನಿಮ್ಮ ದಾರಕ್ಕ ಮೋಸ ಮಾಡಬೇಕು ಅಂತ ಇಟ್ಟದ್ದು ಬ್ಯಾರೆ. ಎರಡನೇದು ಆಗಬೇಕಂದ್ರ, ಥಂಡಿಗೆ ದಾರ ಸುಳ್ಳ ಹೇಳತೈತಿ ಅನ್ನೂದು ಗೊತ್ತಿರಬೇಕಲ್ಲ? ನಿಮಗಽ ಗೊತ್ತಿರಲಿಲ್ಲ ಅಂತೀರಿ. ಮತ್ತ ಯಾರಿಗೆ ಗೊತ್ತಿತ್ತು?”

ಯಾರಿಗೂ ಇಲ್ಲ ಎಂದು ಹೇಳಲು ಬಾಯಿ ತೆರೆದಳು. ಆಗ ನೆನಪಾಯಿತು.

ಹಿಂದಿನ ವರ್ಷದ ಮಾರ್ಚ್. ದ್ರಾಕ್ಷಿಯ ಸುಗ್ಗಿ. ಕಾಲೇಜಿಗೆ ಕೆಂಪು ಲೇಸರ್ ದೀಪ ಕೊಡಿಸಿದ ದೊಡ್ಡ ದ್ರಾಕ್ಷಿ ಬೆಳೆಗಾರ ಧರೆಪ್ಪನಿಗೆ ಅದರ ಉಪಯೋಗ ತೋರಿಸಲೆಂದು ಎಳೆ ಹಿಡಿದುಕೊಂಡು ಅವನ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದಳು. ದ್ರಾಕ್ಷಿ ರಸದ ಸಿಹಿ ಎಷ್ಟೆಂದು ಅಳೆದು ತೋರಿಸಿದ್ದಳು. ಅದೇ ರಸವನ್ನು ತಂಪು ಕೋಣೆಯೊಳಗೆ ಇಟ್ಟು ಮತ್ತೆ ಅಳೆದಾಗ ಸಿಹಿ ಹೆಚ್ಚಾಗಿ ಕಂಡಿತು. ಧರೆಪ್ಪ ಆಗ ತೊಡೆ ತಟ್ಟಿ ನಕ್ಕಿದ್ದ. ‘ಅಕ್ಕಾರ, ನಿಮ್ಮ ದಾರ ಥಂಡಿಯೊಳಗ ಸುಳ್ಳ ಹೇಳತೈತಿ!’

ಎಲ್ಲರೂ ನಕ್ಕಿದ್ದರು. ಇವಳೂ ನಕ್ಕಿದ್ದಳು. ದ್ರಾಕ್ಷಿ ಬೆಳೆಯುವವನ ಮಾತು ಎಂದು ಬಿಟ್ಟುಬಿಟ್ಟಿದ್ದಳು. ಕಡೆಗೆ ಈ ಸಂಕ್ರಾಂತಿಯ ರಜೆಯಲ್ಲಿ, ಆಡಿದವರು ಯಾರೆಂಬುದು ಮರೆತಿದ್ದರೂ, ಅದೇ ಮಾತು ಕೊರೆಯತೊಡಗಿದ ಮೇಲೆಯೇ ಎರಡನೆಯ ಎಳೆಗೆ ಕೈ ಹಚ್ಚಿದ್ದು.

“ಒಬ್ಬರಿಗೆ ಗೊತ್ತಿತ್ರಿ,” ಎಂದಳು. “ನಾವು ಹೊಂಟದ್ದು ಅವರ ಕಡೇಕಽ.”

ಲಗಮಣ್ಣ ಮೀಸೆಯ ಮೇಲೆ ಕೈಯಾಡಿಸಿದ. ಬಿಡಾರದ ಔಷಧವೆಲ್ಲ ಧರೆಪ್ಪನ ಸೇವಾ ಸಂಘದ ದಾನವೆಂಬುದು ಇಬ್ಬರಿಗೂ ಗೊತ್ತಿತ್ತು.

*

ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತು, ಕತ್ತರಿ ಹಿಡಿದು ದ್ರಾಕ್ಷಿ ಗೊಂಚಲಿನಿಂದ ಕೆಟ್ಟ ಹಣ್ಣು ಬಿಡಿಸುತ್ತಿದ್ದರು. ಪಕ್ಕದ ಆಫೀಸು ಕೋಣೆಯಲ್ಲಿ ಧರೆಪ್ಪ ಎದ್ದು ನಿಂತ. ಐವತ್ತೈದರ ಆಳು, ಬಿಳಿ ಧೋತರ, ತಲೆಯ ಮೇಲೆ ಗಾಂಧಿ ಟೊಪ್ಪಿಗೆ. ಅವನ ಹಿಂದೆ ಗೋಡೆಯ ಮೇಲೆ ಮುದುಕಿಯೊಬ್ಬಳ ಹೊಸ ಫೋಟೋ, ಅದಕ್ಕೆ ಗಂಧದ ಹಾರ.

“ಬರ್ರಿ ಅಕ್ಕಾರ, ಬರ್ರಿ ಸಾಹೇಬ್ರ. ಬಸಾ, ಬಸಾ, ಕುಂದರ್ರಿ. ಸೋನಾಕಾ ಜಾತಿ ದ್ರಾಕ್ಷಿ ಐತಿ, ಈಗಽ ಕೊಯ್ದದ್ದು.”

ತಟ್ಟೆ ಬಂತು. ಅಕ್ಕುತಾಯಿ ಮುಟ್ಟಲಿಲ್ಲ. ಚೀಲದಿಂದ ನೋಟುಬುಕ್ಕು ತೆಗೆದು ತಟ್ಟೆಯ ಪಕ್ಕ ಬಿಡಿಸಿಟ್ಟಳು.

“ಏನಿದು?”

“ಆರು ಬಾಟಲಿದು ಅಂಕಿ ಅದಾವು. ಒಂದರ ಕೆಳಗ ಒಂದು ನೋಡ್ರಿ. ಹತ್ತಾಕತ್ತಾವು. ಯಾಕ ಹತ್ತಾಕತ್ತಾವು ನೀವಽ ಹೇಳ್ರಿ.”

ಧರೆಪ್ಪ ನೋಟುಬುಕ್ಕನ್ನು ಹತ್ತಿರ ಎಳೆದುಕೊಂಡ. ಅಂಕಿಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಹೊರಗೆ ಕತ್ತರಿಗಳ ಚಕಚಕ ಸದ್ದು.

ಅವನು ಸುಳ್ಳು ಹೇಳಬಹುದೆಂದು ಅವಳು ತಯಾರಾಗಿದ್ದಳು. ಕೂಗಾಡಬಹುದು, ಎದ್ದು ಹೋಗಿರೆನ್ನಬಹುದು. ಅವನು ಅದೊಂದನ್ನೂ ಮಾಡಲಿಲ್ಲ.

“ಬಿಸಿ ಆಗಾಕತ್ತಾವು,” ಎಂದ.

ಲಗಮಣ್ಣನ ಕೈಯಲ್ಲಿದ್ದ ದ್ರಾಕ್ಷಿ ತಟ್ಟೆಗೆ ಮರಳಿತು.

“ಗೊತ್ತಿದ್ದಽ ಇಟ್ರೇನು?” ಅಕ್ಕುತಾಯಿಯ ದನಿ ಅವಳಿಗೇ ಬೇರೆ ಯಾರದೋ ಅನಿಸಿತು.

“ಜ್ಞಾನದೇವ ಬಂದಿದ್ದ. ಅಣ್ಣಾರ, ಈ ಬಾಟಲಿ ಒಂದಿನ ತಂಪಿನ್ಯಾಗ ಇಟ್ಟು ಕಳಸ್ರಿ, ಕಾಲೇಜಿನ ಬಾಯಾರ ದಾರ ಹಚ್ಚಿ ನೋಡತಾರಂತ, ತಂಪಿದ್ರ ಛಲೋ ಅಂದ. ಅವನ ಮಾರಿ ನೆಟ್ಟಗಿರಲಿಲ್ಲ. ನಿಮ್ಮ ದಾರ ಥಂಡಿಯೊಳಗ ಏನ್ ಮಾಡತೈತಿ ಅಂತ ನನಗ ನೆನಪಿತ್ತು. ಅವಗೂ ನಾನಽ ಒಮ್ಮೆ ನಗ್ಯಾಡಕೋತ ಹೇಳಿದ್ದೆ.”

“ಯಾಕ ಇಡಬೇಕು ಅಂತ ಕೇಳಲಿಲ್ಲ?”

“ಕೇಳಲಿಲ್ಲ.”

“ಯಾಕ?”

ಧರೆಪ್ಪ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ. ಬೋಳು ತಲೆಯ ಮೇಲೆ ಬೆವರು ಮೂಡಿತ್ತು.

“ಕೇಳಿದ್ರ ಗೊತ್ತಾಗತಿತ್ತು. ಗೊತ್ತಾದ್ರ ಏನರೆ ಮಾಡಬೇಕಾಗತಿತ್ತು. ಆ ಬಿಡಾರದ ದವಾಖಾನಿ ಬಾಗಿಲಿಗೆ ನಮ್ಮಪ್ಪನ ಹೆಸರಿನ ಬೋರ್ಡ್ ಐತ್ರಿ ಅಕ್ಕಾರ. ಈ ಕಡೆ ನಾಕ ಊರಾಗ ಆ ಹೆಸರಿಗೆ ಮಂದಿ ಕೈ ಮುಗೀತಾರ. ಸಾಯೂವ್ರು ಸತ್ತಿದ್ರು. ಬಾಟಲಿ ಸರಿ ಅದಾವು ಅಂತ ಒಂದು ಕಾಗದ ಬಂದ್ರ ಸಾಕಾಗಿತ್ತು ನನಗ.”

“ಆ ಕಾಗದದಾಗ ಒಂದು ಹುಡುಗಿ ಸುತಗೊಂಡ ಹ್ವಾದ್ಲು!”

“ಆಕಿ ಮನಿಗೆ ಜ್ವಾಳ ಕಳಸಾಕತ್ತೇನಿ, ಎರಡ ತಿಂಗಳಿಂದ.”

“ಜ್ವಾಳ!” ಅಕ್ಕುತಾಯಿ ಎದ್ದು ನಿಂತಳು. “ಆಕಿ ಕೋರ್ಟಿನ್ಯಾಗ ನನ್ನ ಕೇಳಿದ್ಲು, ನಿಮ್ಮ ದಾರಕ್ಕ ತಪ್ಪ ಆಗೂದಿಲ್ಲೇನು ಅಂತ. ಆಗತೈತಿ ಅಂತ ನಿಮಗ ಗೊತ್ತಿತ್ತು. ಸಾಕ್ಷಿದಾರರ ಬೆಂಚಿನ ಮ್ಯಾಲೆ ನನ್ನ ಬಾಜೂಕ ಕುಂತಿದ್ರಿ ನೀವು! ಚಹಾ ತರಿಸಿಕೊಟ್ರಿ ನನಗ!”

ಧರೆಪ್ಪ ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು. ಆದರೆ ಮಾತು ಮೆತ್ತಗೇ ಇತ್ತು.

“ನೀವು ಕೇಳಿದ್ರೇನು ಅಕ್ಕಾರ? ಬಾಟಲಿ ಒದ್ದಿ ಯಾಕ ಅದಾವು ಅಂತ ನೀವೂ ಕೇಳಲಿಲ್ಲಲ್ಲ.”

ಅವನ ಬೆರಳು ಪುಟದ ಅಂಚಿನ ಆ ಸಣ್ಣ ಸಾಲಿನ ಮೇಲಿತ್ತು.

ಅವಳು ಮತ್ತೆ ಕುಳಿತಳು. ಕೆನ್ನೆಗೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

“ಆತು,” ಎಂದು ಲಗಮಣ್ಣ ನಡುವೆ ಬಂದ. “ಧರೆಪ್ಪಣ್ಣಾರ, ಇದನ್ನಷ್ಟೂ ಬರಕೊಡಬೇಕಾಗತೈತಿ. ಜ್ಞಾನದೇವ ಎಲ್ಲದಾನ?”

“ಸಂಕ್ರಾಂತಿ ಮುಂದ ಕೆಲಸ ಬಿಟ್ಟು ಮಿರಜಿಗೆ ಹೊಂಟೇನಿ ಅಂದ. ಹ್ವಾದಾಂವ ತಿರಗಿ ಬಂದಿಲ್ಲ.”

“ಬಾಟಲಿಗೆ ನೀರ ತುಂಬಿದಾಂವ ಅವನಽ ಏನು?”

“ದೇವರಾಣಿ, ನನಗ ಗೊತ್ತಿಲ್ರಿ. ಬಾಟಲಿಯೊಳಗ ನೀರಿತ್ತು ಅನ್ನೂದಽ ನೀವು ಈಗ ಹೇಳಿದ್ದು.”

ಆ ಹೊತ್ತಿಗೆ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಧರೆಪ್ಪ ಎತ್ತಿದ, ಕೇಳಿದ, ರಿಸೀವರನ್ನು ಮುಂದೆ ಚಾಚಿದ.

“ಸಾಹೇಬ್ರ, ನಿಮಗರಿ. ಚಿಕ್ಕೋಡಿ ಕೋರ್ಟಿನಿಂದ.”

ಎಲ್ಲಿರುತ್ತೇನೆಂದು ಹೊರಡುವಾಗಲೇ ತಿಳಿಸಿ ಬಂದಿದ್ದ ಲಗಮಣ್ಣ ಅದನ್ನು ಕಿವಿಗೆ ಹಚ್ಚಿದ. “ಹೂಂ, ಹೇಳ್ರಿ ಹವಾಲ್ದಾರ್ರ... ಏನು?... ಯಾವಾಗ?... ಮತ್ತೊಮ್ಮೆ ಹೇಳ್ರಿ.”

ಅವನ ಮುಖದ ಮೇಲಿನ ರಕ್ತವೆಲ್ಲ ಯಾರೋ ಹಿಂಡಿ ತೆಗೆದಂತೆ ಇಳಿಯಿತು. ರಿಸೀವರಿಗೆ ಕೈ ಅಡ್ಡ ಹಿಡಿದು ಅಕ್ಕುತಾಯಿಯ ಕಡೆ ತಿರುಗಿದ.

“ಸುಂದರಾ ಒಪ್ಪಕೊಂಡಾಳಂತ.”

“ಏನ ಒಪ್ಪಕೊಂಡಾಳ?”

“ಇವತ್ತ ತಾರೀಖ ಇತ್ತಲ್ಲ. ಮ್ಯಾಜಿಸ್ಟ್ರೇಟರ ಮುಂದ ಎದ್ದ ನಿಂತು, ನಾನಽ ಕೊಂದೇನಿ ಅಂದಾಳ. ಬರದೂ ಕೊಟ್ಟಾಳ. ವಕೀಲರನ್ನ ಹತ್ತರ ಬರಗೊಡವಲ್ಲಳಂತ.”

“ಆಗೂದಽ ಇಲ್ಲ!” ಅಕ್ಕುತಾಯಿ ಕೂಗಿದಳು. “ಆಕಿ ಏನ ಮಾಡ್ಯಾಳ ಕೊಲ್ಲಾಕ? ಬಾಟಲಿಯೊಳಗ ನೀರಿತ್ತು! ನೀವಽ ನೋಡೀರಿ!”

“ಇನ್ನೂ ಐತಿ, ತಡೀರಿ.” ಅವನು ಮತ್ತೆ ಫೋನಿಗೆ ಕಿವಿಗೊಟ್ಟ. ಕೇಳುತ್ತ ಕೇಳುತ್ತ ಅವನ ಕಣ್ಣು ಮೆಲ್ಲಗೆ ಧರೆಪ್ಪನ ಕಡೆ ಹೊರಳಿತು. “ಮೂರ ಮಂದಿ ಅಲ್ಲ, ನಾಕು ಅಂತ ಬರದಾಳಂತ. ನಾಕನೇ ಹೆಸರು... ಕಾಳವ್ವ.”

ಧರೆಪ್ಪನ ಕೈ ತಟ್ಟೆಗೆ ಬಡಿಯಿತು. ದ್ರಾಕ್ಷಿಗಳು ಮೇಜಿನಿಂದುರುಳಿ ನೆಲದ ತುಂಬ ಚೆಲ್ಲಿದವು. ಅವನು ತಿರುಗಿ ಗೋಡೆಯ ಮೇಲಿನ ಫೋಟೋವನ್ನು ನೋಡಿದ.

“ನಮ್ಮವ್ವ?” ಎಂದ. ಆ ದೊಡ್ಡ ಆಳಿನ ಬಾಯಿಂದ ಬಂದದ್ದು ಮಗುವಿನ ದನಿ. “ನಮ್ಮವ್ವ ವಯಸ್ಸಾಗಿ ಹೋದಾಕಿ. ಎಂಬತ್ತೆರಡಾಗಿತ್ತು.”

“ಧರೆಪ್ಪಣ್ಣಾರ, ಅವರಿಗೂ ಬಾಟಲಿ ಹಚ್ಚಿದ್ರೇನು?”

“ಹೊಟ್ಟಿ ನಡದಿತ್ತು ಎರಡ ದಿನ... ಮಧ್ಯಾಹ್ನ... ದಾನ ಕೊಟ್ಟ ಔಷಧ ನಮ್ಮ ಮನಿಗೂ ಆಗಲಿ ಅಂತ ಅದಽ ಪೆಟಿಗಿಯಿಂದ ಒಂದು ನಾನಽ...” ಅವನ ಮಾತು ತುಂಡಾಯಿತು. ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ. “ನನ್ನ ಕೈಯಿಂದಽ ತಂದ ಕೊಟ್ಟೇನಿ.”

ಅಕ್ಕುತಾಯಿಗೆ ಅವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತಾಯಿಯನ್ನು ಕೊಂದ ಬಾಟಲಿಯ ಜೊತೆಯವನ್ನೇ ಈ ಮನುಷ್ಯ ತನ್ನ ಕೋಣೆಯಲ್ಲಿ ತಂಪಾಗಿಟ್ಟು ಕಾಪಾಡಿದ್ದ.

“ಹಚ್ಚಿದವರು ಯಾರು? ಸುಂದರಾನ?” ಲಗಮಣ್ಣ ಬಿಡಲಿಲ್ಲ.

“ಆ ಹುಡುಗಿ ನಮ್ಮ ಹೊಸ್ತಿಲಾ ದಾಟಿಲ್ರಿ! ಹಚ್ಚಿದಾಂವ ಜ್ಞಾನದೇವ. ಹಿತ್ತಲ ಕೋಣ್ಯಾಗ. ನಾನು, ನಮ್ಮವ್ವ, ಅಂವ. ಮೂರಽ ಮಂದಿಗೆ ಗೊತ್ತು. ನನ್ನ ಹೆಂಡತಿಗೂ ಗೊತ್ತಿಲ್ಲ, ತವರಿಗೆ ಹೋಗಿದ್ಲು.”

ಹೊರಗೆ ಕತ್ತರಿಗಳು ನಿಂತಿದ್ದವು. ಹೆಂಗಸರು ಕಿಟಕಿಯ ಕಡೆ ನೋಡುತ್ತಿದ್ದರು.

ಮೂವರಲ್ಲಿ ಒಬ್ಬಳು ಸತ್ತಿದ್ದಳು. ಒಬ್ಬ ಇಲ್ಲಿ ಮೇಜು ಹಿಡಿದು ನಿಂತಿದ್ದ. ಒಬ್ಬ ಊರು ಬಿಟ್ಟಿದ್ದ. ಎರಡು ತಿಂಗಳಿಂದ ಕಂಬಿಯ ಹಿಂದಿದ್ದ ಹುಡುಗಿಗೆ ಆ ಹೆಸರು ಹೇಗೆ ಗೊತ್ತಾಯಿತು?

ಲಗಮಣ್ಣನಿಗೂ ಅದೇ ಪ್ರಶ್ನೆ ಹೊಳೆದಿತ್ತು. ಫೋನಿಗೆ ಬಾಯಿಟ್ಟ. “ಹವಾಲ್ದಾರ್ರ, ಆಕಿ ಸಂಗಾಟ ಬಂದ ಹೆಣ್ಣ ವಾರ್ಡರ್ ಅಲ್ಲೇ ಅದಾಳೇನು? ಫೋನಿಗೆ ಕರೀರಿ... ಹಾಂ, ಬಾಯಿ, ಇವತ್ತ ಜೈಲಿಗೆ ಆಕಿನ್ನ ನೋಡಾಕ ಯಾರರೆ ಬಂದಿದ್ರೇನು?”

ಅವನು ಕೇಳಿಸಿಕೊಂಡ. ಒಂದು ಸಲ ಹೂಂಗುಟ್ಟಿದ. ಇನ್ನೊಂದು ಸಲ ಹೂಂಗುಟ್ಟಲು ಹೋಗಿ ನಿಲ್ಲಿಸಿದ.

“ರಿಜಿಸ್ಟರಿನ್ಯಾಗ ಬರದ ಹೆಸರು ನಿಮಗ ಬರೋಬ್ಬರಿ ನೆನಪೈತೇನು?... ಸಹಿ ಮಾಡ್ಯಾಳೇನು?... ಆತು. ಆ ಪುಟ ಯಾರೂ ಮುಟ್ಟಬಾರದು.”

ರಿಸೀವರ್ ಕೆಳಗಿಟ್ಟ.

“ಯಾರು ಬಂದಿದ್ರು?” ಎಂದಳು ಅಕ್ಕುತಾಯಿ.

“ಒಬ್ಬ ಹೆಣ್ಣಮಗಳು. ಮುಂಜಾನಿ ಎಂಟಕ್ಕ. ಕನ್ನಡಕ ಇತ್ತಂತ. ಹದಿನೈದು ನಿಮಿಷ ಕಿವಿಯೊಳಗ ಪಿಸಿಪಿಸಿ ಮಾತಾಡಿ ಹೋಗ್ಯಾಳ. ಆಕಿ ಹ್ವಾದ ಮ್ಯಾಲೆ ಸುಂದರಾ ಬಾಯಿಗೆ ಸೆರಗ ಇಟಗೊಂಡು ಅತ್ಲಂತ.”

“ಹೆಸರು?”

ಲಗಮಣ್ಣ ಮೇಜಿನ ಮೇಲಿದ್ದ ನೋಟುಬುಕ್ಕನ್ನು ಮುಚ್ಚಿದ. ಮೆಲ್ಲಗೆ ತನ್ನ ಕಡೆ ಎಳೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡ.

“ಅಕ್ಕುತಾಯಿ ಮಗದುಮ್. ಭೌತಶಾಸ್ತ್ರ ಅಧ್ಯಾಪಕಿ.”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರದೋ ಹೆಸರು ಕೇಳಿದಂತಿತ್ತು. ಆಮೇಲೆ ಅದು ತನ್ನದೇ ಹೆಸರೆಂದು ತಿಳಿಯಿತು. ಎಂಟು ಗಂಟೆಗೆ ತಾನು ಪ್ರಯೋಗಶಾಲೆಯಲ್ಲಿದ್ದೆ ಎಂದು ಹೇಳಲು ಹೊರಟಳು. ಬಾಗಿಲು ಹಾಕಿಕೊಂಡು, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು. ಬೀಗ ತೆಗೆದವಳೂ ತಾನೇ. ಆ ಹೊತ್ತಿನಲ್ಲಿ ಕಾಲೇಜಿನ ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಧರೆಪ್ಪ ನೆಲದ ಮೇಲಿನ ದ್ರಾಕ್ಷಿಯ ನಡುವೆ ನಿಂತು ಅವಳನ್ನೇ ದಿಟ್ಟಿಸುತ್ತಿದ್ದ. ತಾಯಿಯನ್ನು ಕೊಂದವರನ್ನು ಹುಡುಕುತ್ತಿರುವ ಮಗನ ಕಣ್ಣು ಅದು.

“ಮೇಡಮ್,” ಎಂದ ಲಗಮಣ್ಣ. ಬೆಳಗಿನಿಂದ ಆ ದನಿಯಲ್ಲಿದ್ದ ಸಲಿಗೆ ಈಗ ಇರಲಿಲ್ಲ. “ಇವತ್ತ ಮುಂಜಾನಿ ಎಂಟ ಗಂಟೇಕ ನೀವು ಎಲ್ಲಿದ್ರಿ?”